ಆನೆ ಬಂದಂತಿದೆ, ಆನೆ ಬಂದಿದೆಯಂತೆ

ಹೋದ ಸಂಚಿಕೆಯಲ್ಲಿ ಇಂಗ್ಲಿಷಿನ ‘ಸೀಮ್’ ಬಗ್ಗೆ ಎರಡು ಸಾಲು ಬರೆದಿದ್ದೆ. ಅದರ ಬೆನ್ನಿಗೇ ಲುಕ್, ಅಪಿಯರ್, ಸೌಂಡ್, ಫೀಲ್ ಎಲ್ಲವನ್ನೂ ಕೇಳಿ ಪತ್ರಗಳು ಬಂದಿವೆ. ಹೆಚ್ಚಿನವು ಚಿಕ್ಕಮಗಳೂರು, ಹಾಸನ ಕಡೆಯವು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದ್ದೂ ಇದೇ ಸೀಮೆಯಲ್ಲಿ. ಈ ತೊಡಕುಗಳನ್ನು ಮಕ್ಕಳ ನೋಟ್‌ಬುಕ್ಕುಗಳಲ್ಲಿ ನೋಡುತ್ತಲೇ ಬಂದಿದ್ದೇನೆ. ಹಾಗಾಗಿ ಈ ಸಲದ ಅಂಕಣವನ್ನು ಪೂರ್ತಿ ಇವುಗಳಿಗೇ ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾವು ಮೂಡಿಗೆರೆ ಹತ್ತಿರ ಹೋಮ್‌ಸ್ಟೇ ನಡೆಸುತ್ತೇವೆ. ಗೆಸ್ಟ್‌ಗಳ ಮೆಸೇಜಿಗೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡಬೇಕು. ಲುಕ್, ಸೀಮ್, ಅಪಿಯರ್ ಮೂರಕ್ಕೂ ಡಿಕ್ಷನರಿಯಲ್ಲಿ ‘ಕಾಣು, ತೋರು’ ಅಂತಲೇ ಇದೆ. ಯಾವುದನ್ನಾದರೂ ಹಾಕಬಹುದಾ? ಒಬ್ಬರು ರಿವ್ಯೂನಲ್ಲಿ ‘ದ ರೂಮ್ ಸೀಮ್ಡ್ ಕ್ಲೀನ್’ ಅಂತ ಬರೆದಿದ್ದಾರೆ. ಅದು ಹೊಗಳಿಕೆ ತಾನೇ?

ಉತ್ತರ: ಅರ್ಧ ಹೊಗಳಿಕೆ. ಅವರು ‘ಲುಕ್ಡ್ ಕ್ಲೀನ್’ ಎಂದು ಬರೆದಿದ್ದರೆ ಹಾಸಿಗೆ, ನೆಲ, ಬಚ್ಚಲು ಎಲ್ಲ ನೋಡಿದೆವು, ಚೊಕ್ಕಟವಾಗಿ ಕಂಡಿತು ಎಂದಾಗುತ್ತಿತ್ತು. ಲುಕ್ ಕಣ್ಣಿಗೆ ಕಂಡದ್ದರ ಮಾತು. ಸೀಮ್‌ಗೆ ಕಣ್ಣೊಂದೇ ಸಾಲದು. ನೋಡಿದ್ದು, ಕೇಳಿದ್ದು, ಜನ ನಡೆದುಕೊಂಡ ರೀತಿ ಎಲ್ಲವನ್ನೂ ಕೂಡಿಸಿ ಮನಸ್ಸು ಕಟ್ಟಿಕೊಂಡ ಅಂದಾಜು ಅದು. ‘ನನಗೆ ಹಾಗನ್ನಿಸಿತು, ಖಾತ್ರಿಯಾಗಿ ಹೇಳಲಾರೆ’ ಎನ್ನುವ ಎಳೆ ಅದರೊಳಗೆ ಇದ್ದೇ ಇರುತ್ತದೆ. ಅದನ್ನೇ ‘ಸೀಮ್ಡ್’ ಎಂದು ಭೂತಕಾಲಕ್ಕೆ ತಂದರೆ ಓದುವವರಿಗೆ ‘ಆಮೇಲೆ ಏನಾದರೂ ಕಂಡಿತಾ?’ ಎಂಬ ಅನುಮಾನ ಹುಟ್ಟಬಹುದು. ಆ ಗೆಸ್ಟ್‌ಗೆ ಒಂದು ಮೆಸೇಜ್ ಹಾಕಿ, ಕೊರತೆ ಏನಾದರೂ ಇತ್ತೇ ಎಂದು ಕೇಳಿಬಿಡಿ.

ಅಪಿಯರ್ ಕಚೇರಿಯ, ಪತ್ರವ್ಯವಹಾರದ ಮಾತು. ಆಡುಮಾತಿನಲ್ಲಿ ಕಡಿಮೆ. ಎದುರಿಗಿರುವ ಆಧಾರವನ್ನು ನೋಡಿ ಹೇಳುವಾಗ ಅದು ಚೆನ್ನಾಗಿ ಒಪ್ಪುತ್ತದೆ. ಗೆಸ್ಟ್ ದುಡ್ಡು ಕಳಿಸಿದ್ದೇನೆ ಎನ್ನುತ್ತಾರೆ, ನಿಮ್ಮ ಖಾತೆಗೆ ಬಂದಿಲ್ಲ. ಆಗ ‘ಯು ಹ್ಯಾವ್ ನಾಟ್ ಪೇಯ್ಡ್’ ಎಂದರೆ ಅವರ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ‘ದ ಪೇಮೆಂಟ್ ಅಪಿಯರ್ಸ್ ಟು ಹ್ಯಾವ್ ಫೇಲ್ಡ್’ ಎಂದರೆ ನಿಮಗೆ ಸ್ಕ್ರೀನಿನ ಮೇಲೆ ಕಂಡದ್ದನ್ನಷ್ಟೇ ಹೇಳಿದಿರಿ, ಮರ್ಯಾದೆಯೂ ಉಳಿಯಿತು. ಆದರೆ ನೀವೇ ಬುಕಿಂಗ್ ರದ್ದು ಮಾಡಿದ್ದಾಗ ‘ಯುವರ್ ಬುಕಿಂಗ್ ಅಪಿಯರ್ಸ್ ಕ್ಯಾನ್ಸಲ್ಡ್’ ಎನ್ನಬೇಡಿ. ಗೊತ್ತಿರುವ ಸಂಗತಿಯನ್ನು ಗೊತ್ತಿಲ್ಲದವರಂತೆ ಹೇಳಿದರೆ ನುಣುಚಿಕೊಳ್ಳುತ್ತಿದ್ದಾರೆ ಅನ್ನಿಸುತ್ತದೆ.

ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ: ಕಣ್ಣಿಗೆ ಬೀಳು, ಪ್ರತ್ಯಕ್ಷವಾಗು. ಹಾಸನದ ಹತ್ತಿರ, ಹೇಮಾವತಿ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೇ ಚರ್ಚನ್ನು ತೋರಿಸಲು ಗೆಸ್ಟ್‌ಗಳನ್ನು ಕಳಿಸುತ್ತೀರಲ್ಲ, ಅದನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ನೀರಿಳಿದಾಗ ‘ದ ಹೋಲ್ ಚರ್ಚ್ ಅಪಿಯರ್ಸ್’, ಇಡೀ ಚರ್ಚು ಹೊರಗೆ ಕಾಣುತ್ತದೆ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ‘ದ ಚರ್ಚ್ ಅಪಿಯರ್ಸ್ ಟು ಫ್ಲೋಟ್’, ತೇಲುತ್ತಿರುವಂತೆ ಕಾಣುತ್ತದೆ. ಮೊದಲನೆಯದು ನಡೆದದ್ದು, ಎರಡನೆಯದು ಕಣ್ಣಿಗೆ ಹಾಗನ್ನಿಸಿದ್ದು. ನಡುವೆ ಇರುವುದು ಒಂದು ‘ಟು’ ಮತ್ತು ಅದರ ಮುಂದಿನ ಕ್ರಿಯೆ.

ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಚಾರ್ಮಾಡಿ ಹತ್ತಿ ಬಂದವರಿಗೆ ನಾವು ಅಕ್ಕರೆಯಿಂದ ‘ಸುಸ್ತಾದ ಹಾಗೆ ಕಾಣ್ತೀರ, ಮೊದಲು ಕಾಫಿ ಕುಡೀರಿ’ ಎನ್ನುತ್ತೇವೆ. ‘ಯು ಲುಕ್ ಟಯರ್ಡ್’ ಎಂದು ಹೊರಗಿನವರಿಗೆ ಹೇಳಿದರೆ ಮುಖ ಬಾಡಿದೆ ಎಂದಂತೆ ಕೇಳಬಹುದು. ‘ಯು ಮಸ್ಟ್ ಬಿ ಟಯರ್ಡ್ ಆಫ್ಟರ್ ದ ಡ್ರೈವ್’ ಎನ್ನಿ. ಆಗ ಮಾತು ಮುಖ ಬಿಟ್ಟು ದಾರಿಯ ಮೇಲೆ ಹೋಗುತ್ತದೆ. ಇನ್ನು, ಗೆಸ್ಟ್ ಗಾಬರಿಯಿಂದ ಮೆಸೇಜ್ ಹಾಕಿದ್ದರೆ ‘ಯು ಸೌಂಡ್ ವರೀಡ್’ ಎನ್ನಬಹುದು. ಸೌಂಡ್ ಕಿವಿಯ ಪದವಾದರೂ ಬರಹದ ಧಾಟಿಗೂ ನಡೆಯುತ್ತದೆ. ಮೆಸೇಜ್ ಓದಿ ‘ಯು ಲುಕ್ ವರೀಡ್’ ಎನ್ನಲು ಬರುವುದಿಲ್ಲ, ಅವರನ್ನು ನೀವು ನೋಡಿಲ್ಲವಲ್ಲ.

ಪ್ರಶ್ನೆ: ನಾನು ಕಡೂರಿನಲ್ಲಿ ಸೆಕೆಂಡ್ ಪಿಯುಸಿ ಓದುತ್ತಿದ್ದೇನೆ. ‘ಶಿ ಲುಕ್ಸ್ ಬ್ಯೂಟಿಫುಲಿ’ ಎಂದು ಬರೆದದ್ದಕ್ಕೆ ಲೆಕ್ಚರರ್ ತಪ್ಪು ಹಾಕಿದರು. ಕ್ರಿಯಾಪದದ ಜತೆ ಅಡ್ವರ್ಬ್ ಬರಬೇಕು ಎಂದು ಅವರೇ ಹೇಳಿಕೊಟ್ಟಿದ್ದು. ಯಾಕೆ ತಪ್ಪು, ಮೇಡಂ?

ಉತ್ತರ: ನೀನು ನಿಯಮವನ್ನು ಸರಿಯಾಗೇ ನೆನಪಿಟ್ಟಿದ್ದೀಯ. ಲೆಕ್ಚರರ್ ತಪ್ಪು ಹಾಕಿದ್ದೂ ಸರಿಯೇ. ಎಡವಿಸಿದ್ದು ನಮ್ಮ ಕನ್ನಡ. ‘ಅವಳು ಚೆನ್ನಾಗಿ ಕಾಣ್ತಾಳೆ’, ‘ಮುಖ ಕೆಂಪಗೆ ಕಾಣುತ್ತೆ’, ‘ದೂರದ ಬೆಟ್ಟ ನುಣ್ಣಗೆ’ ಎನ್ನುವಾಗ ಚೆನ್ನಾಗಿ, ಕೆಂಪಗೆ, ನುಣ್ಣಗೆ ಎಲ್ಲವೂ ಕ್ರಿಯಾವಿಶೇಷಣದ ರೂಪದಲ್ಲೇ ಇವೆ. ಆ ‘ಆಗಿ’, ‘ಅಗೆ’ಗಳೇ ಇಂಗ್ಲಿಷಿಗೆ ಬರುವಾಗ ‘ಲಿ’ ಆಗಿಬಿಡುತ್ತವೆ. ಬ್ಯೂಟಿಫುಲಿ ಹುಟ್ಟುವುದು ಹೀಗೆ.

ಇಂಗ್ಲಿಷಿನಲ್ಲಿ ಲುಕ್, ಸೀಮ್, ಅಪಿಯರ್, ಸೌಂಡ್, ಫೀಲ್, ಸ್ಮೆಲ್, ಟೇಸ್ಟ್ ಈ ಅರ್ಥದಲ್ಲಿ ಬಂದಾಗ ಅಲ್ಲಿ ಕೆಲಸವೇನೂ ನಡೆಯುವುದಿಲ್ಲ. ಅವು ಕರ್ತೃವನ್ನೂ ಅದರ ಗುಣವನ್ನೂ ಜೋಡಿಸುತ್ತವೆ, ಅಷ್ಟೇ. ಗುಣ ಅಂದಮೇಲೆ ಅಡ್ಜೆಕ್ಟಿವ್. ಪರೀಕ್ಷಿಸುವ ದಾರಿ ಸುಲಭ: ಆ ಕ್ರಿಯಾಪದ ತೆಗೆದು ‘ಈಸ್’ ಹಾಕಿ ನೋಡು. ‘ಶಿ ಈಸ್ ಬ್ಯೂಟಿಫುಲ್’ ನಿಲ್ಲುತ್ತದೆ, ಹಾಗಾದರೆ ‘ಶಿ ಲುಕ್ಸ್ ಬ್ಯೂಟಿಫುಲ್’. ನಿಮ್ಮೂರಿನ ಕಡೆಯಿಂದ ಬೆಟ್ಟಸಾಲು ನೋಡಿದರೆ ‘ದ ಹಿಲ್ಸ್ ಲುಕ್ ಸ್ಮೂತ್’, ಸ್ಮೂತ್‌ಲಿ ಅಲ್ಲ. 1,930 ಮೀಟರಿನ ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತುವಾಗ ಅದೆಷ್ಟು ಸ್ಮೂತ್ ಎಂದು ಮೊಣಕಾಲಿಗೆ ಗೊತ್ತಾಗುತ್ತದೆ.

ಈಸ್ ಹಾಕಿದಾಗ ಅರ್ಥ ಕೆಟ್ಟರೆ ಅಲ್ಲಿ ನಿಜವಾಗಿ ನೋಡುವ ಕೆಲಸ ನಡೆದಿದೆ ಎಂದು ಲೆಕ್ಕ. ‘ಹಿ ಲುಕ್ಡ್ ಆಂಗ್ರಿ’: ಅವನ ಮುಖದಲ್ಲಿ ಸಿಟ್ಟಿತ್ತು. ‘ಹಿ ಲುಕ್ಡ್ ಆಂಗ್ರಿಲಿ ಅಟ್ ದ ಕಂಡಕ್ಟರ್’: ಕಂಡಕ್ಟರನ್ನು ದುರುಗುಟ್ಟಿ ನೋಡಿದ. ಇಲ್ಲಿ ‘ಲಿ’ ಬೇಕೇ ಬೇಕು. ನಮ್ಮ ‘ಕಾಣು’ ಕೂಡ ಹೀಗೆ ಎರಡು ಕಡೆ ದುಡಿಯುವ ಪದ. ‘ನಾನು ಕಂಡೆ’ ಎಂದರೆ ನೋಡಿದೆ, ‘ನನಗೆ ಕಂಡಿತು’ ಎಂದರೆ ಅದು ನನ್ನ ಕಣ್ಣಿಗೆ ಬಿತ್ತು.

ಫ್ರೆಂಡ್ಲಿ, ಲವ್ಲಿ, ಲೋನ್ಲಿ ಬಾಲದಲ್ಲಿ ‘ಲಿ’ ಇದ್ದರೂ ಅಡ್ಜೆಕ್ಟಿವ್‌ಗಳೇ. ‘ಶಿ ಸೀಮ್ಸ್ ಫ್ರೆಂಡ್ಲಿ’ ಸರಿ. ‘ಕಾಣ್ತಾ ಇದ್ದಾಳೆ’ ಎಂದುಕೊಂಡು ‘ಈಸ್ ಸೀಮಿಂಗ್’ ಮಾತ್ರ ಬರೆಯಬೇಡ, ಸೀಮ್ ಆ ರೂಪಕ್ಕೆ ಒಗ್ಗುವುದಿಲ್ಲ. ಲುಕ್ ಒಗ್ಗುತ್ತದೆ: ‘ಯು ಆರ್ ಲುಕಿಂಗ್ ವೆಲ್’ ಎಂದರೆ ಆರೋಗ್ಯವಾಗಿ ಕಾಣುತ್ತಿದ್ದೀರಿ ಎಂದು. ಪರೀಕ್ಷೆ ಚೆನ್ನಾಗಿ ಬರೆ.

ಪ್ರಶ್ನೆ: ಆಲೂರಿನವನು, ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ. ಮೀಟಿಂಗ್‌ನಲ್ಲಿ ‘ಮ್ಯಾನೇಜರ್ ಈಸ್ ಆನ್ ಲೀವ್, ಇಟ್ ಸೀಮ್ಸ್’ ಅಂದೆ. ಉತ್ತರ ಭಾರತದ ಟೀಮ್ ಲೀಡ್ ‘ರಜದಲ್ಲಿದ್ದಾರೋ ಇಲ್ವೋ, ಸರಿಯಾಗಿ ಹೇಳು’ ಅಂದರು. ಹೆಚ್‌ಆರ್‌ನವರೇ ನನಗೆ ಹೇಳಿದ್ದು. ನಾನು ಅಂದಿದ್ದರಲ್ಲಿ ತಪ್ಪೇನಿತ್ತು?

ಉತ್ತರ: ಈ ಪ್ರಶ್ನೆಗಾಗಿ ಕಾಯುತ್ತಿದ್ದೆ ಎಂದರೂ ಸರಿ. ನೀವು ಇಂಗ್ಲಿಷಿನ ಬಟ್ಟೆ ತೊಡಿಸಿ ಹೇಳಿದ್ದು ಕನ್ನಡದ ‘ಅಂತೆ’ಯನ್ನು. ‘ಮ್ಯಾನೇಜರ್ ರಜವಂತೆ.’ ಇದನ್ನು ಕೇಳಿದ ಕನ್ನಡಿಗರಿಗೆ ತಕ್ಷಣ ತಿಳಿಯುತ್ತದೆ: ಇವನಿಗೆ ಯಾರೋ ಹೇಳಿದ್ದಾರೆ. ತಮಿಳಿನ ‘ಆಮ್’, ತೆಲುಗಿನ ‘ಅಟ’ ಮಾಡುವುದೂ ಇದೇ ಕೆಲಸ. ಹಾಗಾಗಿ ದಕ್ಷಿಣದವರೆಲ್ಲ ಸೇರಿದ ಆಫೀಸಿನಲ್ಲಿ ‘ಇಟ್ ಸೀಮ್ಸ್’ ತೊಂದರೆಯಿಲ್ಲದೆ ಓಡಾಡುತ್ತದೆ. ಹೊರಗಿನವರ ಕಿವಿಗೆ ಅದು ‘ಅಂತೆ’ ಅಲ್ಲ. ಖಾಲಿ ಕುರ್ಚಿ ನೋಡಿ ನೀವೇ ಮಾಡಿದ ಊಹೆ. ಹೆಚ್‌ಆರ್ ಕೊಟ್ಟ ಖಚಿತ ಸುದ್ದಿ ಅವರಿಗೆ ನಿಮ್ಮ ಅನುಮಾನವಾಗಿ ತಲುಪಿತು.

ನೀವು ಆಲೂರಿನವರು, ಆನೆ ಗೊತ್ತು. ಬೆಳಿಗ್ಗೆ ಎದ್ದು ತೋಟಕ್ಕೆ ಹೋಗುತ್ತೀರಿ. ಬೇಲಿ ಮುರಿದಿದೆ, ಬೈನೆ ಮರ ಸೀಳಿ ಮಲಗಿದೆ, ಕಾಫಿ ಗಿಡಗಳ ನಡುವೆ ಹಸೀ ಲದ್ದಿ, ಮಣ್ಣಿನಲ್ಲಿ ಮೊರದಗಲದ ಹೆಜ್ಜೆ. ಮನೆಗೆ ಫೋನ್ ಮಾಡಿ ‘ಆನೆ ಬಂದಂತಿದೆ’ ಎನ್ನುತ್ತೀರಿ. ಇನ್ನೊಂದು ದಿನ ತೋಟಕ್ಕೆ ಹೋಗಿಯೇ ಇಲ್ಲ, ಪಕ್ಕದ ಎಸ್ಟೇಟಿನ ರೈಟರ್ (ಲೆಕ್ಕ ಬರೆಯುವವರು) ಫೋನ್ ಮಾಡಿದರು. ಆಗ ಮನೆಯವರಿಗೆ ‘ಆನೆ ಬಂದಿದೆಯಂತೆ’ ಎನ್ನುತ್ತೀರಿ. ಎರಡರಲ್ಲೂ ‘ಅಂತೆ’ಯ ಸದ್ದಿದೆ, ಆದರೆ ಕೆಲಸ ಬೇರೆ ಬೇರೆ. ಮೊದಲನೆಯದು ಗುರುತು ನೋಡಿ ನೀವೇ ತೆಗೆದ ತೀರ್ಮಾನ: ‘ಆ್ಯನ್ ಎಲಿಫೆಂಟ್ ಸೀಮ್ಸ್ ಟು ಹ್ಯಾವ್ ಕಮ್’. ಎರಡನೆಯದು ಇನ್ನೊಬ್ಬರ ಬಾಯಿಂದ ಬಂದದ್ದು: ‘ದೇ ಸೇ ದೇರ್ಸ್ ಆ್ಯನ್ ಎಲಿಫೆಂಟ್’. ಕೆಲಸದಾಳುಗಳನ್ನು ಒಳಗೆ ಕಳಿಸುವುದೋ ಬೇಡವೋ ಎಂದು ನಿರ್ಧರಿಸುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಗುರುತು ನೋಡಿದವರನ್ನು ‘ಲದ್ದಿ ಎಷ್ಟು ಹೊತ್ತಿನದು?’ ಎಂದು ಕೇಳಬಹುದು. ಸುದ್ದಿ ಕೇಳಿದವರನ್ನು ‘ಯಾರು ಹೇಳಿದ್ದು?’ ಎಂದೇ ಕೇಳಬೇಕು. ಕನ್ನಡ ಇದನ್ನು ಒಂದು ಪುಟ್ಟ ಪ್ರತ್ಯಯದ ಜಾಗ ಬದಲಿಸಿ ಮುಗಿಸುತ್ತದೆ. ಇಂಗ್ಲಿಷಿಗೆ ಬೇರೆ ಬೇರೆ ಕ್ರಿಯಾಪದವೇ ಬೇಕು. ಅದು ಗೊತ್ತಾದ ಮೇಲೆ ನನಗೆ ಎರಡು ಭಾಷೆಯ ಮೇಲೂ ಗೌರವ ಹೆಚ್ಚಿದೆ.

ನಿಮ್ಮ ಮೀಟಿಂಗಿಗೆ ಬರೋಣ. ಹೇಳಿದವರು ಯಾರೆಂದು ಗೊತ್ತಿರುವಾಗ ಅವರನ್ನೇ ಮುಂದಿಡಿ: ‘ಹೆಚ್‌ಆರ್ ಸೇಸ್ ಹಿ ಈಸ್ ಆನ್ ಲೀವ್’. ಹೆಸರು ಬೇಡವೆಂದರೆ ‘ಐ ಆ್ಯಮ್ ಟೋಲ್ಡ್’, ‘ಐ ಹಿಯರ್’. ನಮ್ಮ ‘ಅಂತೆ’ಗೆ ತೀರಾ ಹತ್ತಿರದ ಒಂದೇ ಪದ ಬೇಕಿದ್ದರೆ ‘ಅಪೇರೆಂಟ್ಲಿ’. ಅಪಿಯರ್‌ನ ನೆಂಟನೇ ಅದು, ಆದರೆ ಕೇಳಿದ ಸುದ್ದಿಗೂ ಸಲೀಸಾಗಿ ಬರುತ್ತದೆ. ‘ಚಿಕ್ಕಂದಿನಲ್ಲಿ ನಾನು ತುಂಬ ಹಟ ಮಾಡುತ್ತಿದ್ದೆನಂತೆ’ ಎನ್ನುವುದಕ್ಕೆ ‘ಅಪೇರೆಂಟ್ಲಿ ಐ ವಾಸ್ ವೆರಿ ಸ್ಟಬರ್ನ್ ಆ್ಯಸ್ ಎ ಚೈಲ್ಡ್’ ಚೆಂದ ಕೂರುತ್ತದೆ. ‘ಸಪೋಸೆಡ್ಲಿ’ ಬಳಸಿದರೆ ನಿಮಗೇ ನಂಬಿಕೆಯಿಲ್ಲ ಎಂದಾಗುತ್ತದೆ. ಪತ್ರಿಕೆಯವರ ‘ಎನ್ನಲಾಗಿದೆ’ಗೆ ‘ರಿಪೋರ್ಟೆಡ್ಲಿ’. ಆರೋಪದ ವಿಷಯವಾದರೆ ‘ಅಲೆಜೆಡ್ಲಿ’.

ದೇವಸ್ಥಾನಗಳಲ್ಲಿ ಗೈಡ್ ಕೆಲಸ ಮಾಡುವವರೂ ಇದನ್ನು ಗಮನಿಸಿದರೆ ಒಳ್ಳೆಯದು. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಕೆಲವೇ ದಿನ ತೆರೆಯುತ್ತದೆ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷದವರೆಗೂ ಆರುವುದಿಲ್ಲವಂತೆ. ಈ ಅಂತೆಯಲ್ಲಿ ಭಕ್ತಿಯಿದೆ, ಹಿರಿಯರಿಂದ ಕೇಳಿಕೊಂಡು ಬಂದದ್ದು ಎಂಬ ವಿನಯವಿದೆ. ‘ದ ಲ್ಯಾಂಪ್ ನೆವರ್ ಗೋಸ್ ಔಟ್, ಇಟ್ ಸೀಮ್ಸ್’ ಎಂದರೆ ಹೊರಗಿನವರಿಗೆ ಅನುಮಾನದ ಮಾತಾಗಿ ಕೇಳುತ್ತದೆ. ‘ಡಿವೋಟೀಸ್ ಬಿಲೀವ್’ ಎಂದು ಶುರುಮಾಡಿ. ಅಜ್ಜಿ ಕತೆಗಳ ‘ಒಂದೂರಲ್ಲಿ ಒಬ್ಬ ರಾಜ ಇದ್ದನಂತೆ’ಗೂ ಇಟ್ ಸೀಮ್ಸ್ ಬೇಡ. ಆ ಜಾಗಕ್ಕೆ ಅವರಲ್ಲಿ ‘ವನ್ಸ್ ಅಪಾನ್ ಎ ಟೈಮ್’ ಇದೆ.

ಕೇಳಿದ್ದನ್ನೂ ಕಂಡದ್ದನ್ನೂ ಬೇರೆಯಾಗಿಡುವುದು ವ್ಯಾಕರಣದವರ ಹಟ ಮಾತ್ರವಲ್ಲ. 1872ರ ಇಂಡಿಯನ್ ಎವಿಡೆನ್ಸ್ ಆ್ಯಕ್ಟ್‌ನ 60ನೇ ಕಲಂ ಪ್ರಕಾರ ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು. ಕಾಣುವ ಸಂಗತಿಯಾದರೆ ಕಂಡವರೇ, ಕೇಳುವ ಸಂಗತಿಯಾದರೆ ಕೇಳಿಸಿಕೊಂಡವರೇ, ಬೇರೆ ಇಂದ್ರಿಯಕ್ಕೆ ತಿಳಿಯುವಂಥದ್ದಾದರೆ ಆ ಇಂದ್ರಿಯದಿಂದ ತಿಳಿದವರೇ ಹೇಳಬೇಕು. 2024ರ ಜುಲೈ 1ರಿಂದ ಆ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಈ ನಿಯಮ ಅಲ್ಲೂ ಉಳಿದಿದೆ. ಲುಕ್, ಸೌಂಡ್, ಸ್ಮೆಲ್ ಪಾಠ ಮಾಡುವಾಗ ನಾನು ಈ ಕಲಮನ್ನು ಮಕ್ಕಳಿಗೆ ಓದಿ ಹೇಳುತ್ತಿದ್ದೆ. ವ್ಯಾಕರಣದ ಪುಸ್ತಕಕ್ಕಿಂತ ಬೇಗ ತಲೆಗೆ ಹೋಗುತ್ತಿತ್ತು.

ನಿಮ್ಮ ‘ಇಟ್ ಸೀಮ್ಸ್’ ಬಗ್ಗೆ ಸಂಕೋಚ ಬೇಡ. ನಮ್ಮವರ ಜತೆ ಮಾತಾಡುವಾಗ ಅದು ನಮ್ಮ ಇಂಗ್ಲಿಷ್, ಎಲ್ಲರಿಗೂ ಅರ್ಥವಾಗುತ್ತದೆ. ಈ-ಮೇಲ್, ರಿಪೋರ್ಟು, ಹೊರಗಿನವರಿರುವ ಮೀಟಿಂಗುಗಳಲ್ಲಿ ಮಾತ್ರ ಯಾರು ಹೇಳಿದರೆಂದು ಹೇಳಿಬಿಡಿ.

ಪ್ರಶ್ನೆ: ಸಕಲೇಶಪುರದ ಸಣ್ಣ ಬೆಳೆಗಾರ. ನಮ್ಮ ಕಾಫಿಯನ್ನು ನೇರವಾಗಿ, ಬೀಜ ಹುರಿದು ಮಾರುವ ಹೊರಗಿನ ರೋಸ್ಟರ್‌ಗಳಿಗೆ ಮಾರುವ ಪ್ರಯತ್ನದಲ್ಲಿದ್ದೇವೆ. ಮಗಳು ‘ಅವರ್ ಕಾಫಿ ಸ್ಮೆಲ್ಸ್ ಅಂಡ್ ಈಸ್ ಟೇಸ್ಟಿಂಗ್ ಗುಡ್’ ಎಂದು ಬರೆದುಕೊಟ್ಟಿದ್ದಾಳೆ. ಕಳಿಸಬಹುದೇ?

ಉತ್ತರ: ದಯವಿಟ್ಟು ಸ್ವಲ್ಪ ತಡೆಯಿರಿ. ‘ಸ್ಮೆಲ್ಸ್’ ಎಂದು ಅಲ್ಲಿಗೇ ನಿಲ್ಲಿಸಿದರೆ ನಾರುತ್ತದೆ ಎಂದೇ ಅರ್ಥ. ನಮ್ಮಲ್ಲೂ ‘ಅಡುಗೆಮನೆ ವಾಸನೆ ಬರ್ತಿದೆ’ ಎಂದರೆ ಯಾರೂ ಪರಿಮಳ ಎಂದುಕೊಳ್ಳುವುದಿಲ್ಲವಲ್ಲ, ಹಾಗೆ. ಮುಂದೆ ಒಂದು ಗುಣ ಹೇಳಿ: ಸ್ಮೆಲ್ಸ್ ಸ್ವೀಟ್, ಸ್ಮೆಲ್ಸ್ ಫ್ರೆಶ್. ಟೇಸ್ಟ್ ಕೂಡ ‘ಈಸ್ ಟೇಸ್ಟಿಂಗ್’ ಬೇಡ. ‘ಐ ಆ್ಯಮ್ ಟೇಸ್ಟಿಂಗ್ ದ ಕಾಫಿ’ ಎಂದರೆ ನಾನು ರುಚಿ ನೋಡುತ್ತಿದ್ದೇನೆ, ಅದು ಕೆಲಸ. ರುಚಿ ಹೇಗಿದೆ ಎನ್ನುವುದಕ್ಕೆ ‘ಇಟ್ ಟೇಸ್ಟ್ಸ್’ ಸಾಕು. ಗುಡ್ ಎನ್ನುವುದು ಕೊಳ್ಳುವವರಿಗೆ ಏನನ್ನೂ ಹೇಳುವುದಿಲ್ಲ, ಎಲ್ಲ ಬೆಳೆಗಾರರೂ ಅದನ್ನೇ ಬರೆಯುತ್ತಾರೆ.

ಕಪ್ಪಿಂಗ್, ಅಂದರೆ ಕಾಫಿಯ ವಾಸನೆ, ರುಚಿಯ ಪರೀಕ್ಷೆ ಮಾಡುವವರು ಒಣ ಪುಡಿಯ ವಾಸನೆಗೆ ಫ್ರೇಗ್ರೆನ್ಸ್ ಎನ್ನುತ್ತಾರೆ. ಬಿಸಿನೀರು ಹೊಯ್ದು 4 ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪದರವನ್ನು ಚಮಚದಲ್ಲಿ ಒಡೆದಾಗ ಮೂಗಿಗೆ ಬರುವುದು ಅರೋಮ. ಇವೆರಡಕ್ಕೂ ಸ್ಮೆಲ್ ಬಳಸಬಹುದು, ಆದರೆ ‘ಆಫ್’, ‘ಲೈಕ್’ ನೋಡಿಕೊಂಡು ಹಾಕಿ. ‘ಸ್ಮೆಲ್ಸ್ ಲೈಕ್’ ಬರೀ ಹೋಲಿಕೆ: ಹೂಮಳೆ ಬಿದ್ದ ಮೇಲೆ ತೋಟ ಅರಳಿದಾಗ ‘ದ ಬ್ಲಾಸಮ್ ಸ್ಮೆಲ್ಸ್ ಲೈಕ್ ಜಾಸ್ಮಿನ್’, ಮಲ್ಲಿಗೆಯ ಹಾಗೆ. ‘ಸ್ಮೆಲ್ಸ್ ಆಫ್’ ಎಂದರೆ ಆ ವಾಸನೆಯೇ ಅದರಲ್ಲಿ ಸೇರಿದೆ ಎಂದು. ಕೊಳ್ಳುವವರು ‘ಟೇಸ್ಟ್ಸ್ ಆಫ್ ಸ್ಮೋಕ್’ ಎಂದು ಬರೆದರೆ ಕಣದ ಪಕ್ಕ ಎಲ್ಲಾದರೂ ಹೊಗೆ ಹಾಕಿದ್ದೀರಾ ನೋಡಿ. ‘ಸ್ಮೆಲ್ಸ್ ಆಫ್ ಮೋಲ್ಡ್’ ಎಂದರೆ ಪಾರ್ಚ್‌ಮೆಂಟ್ (ಹೊಟ್ಟು ಸಮೇತದ ಕಾಫಿ ಬೀಜ) ಸರಿಯಾಗಿ ಒಣಗದೆ ಬೂಸ್ಟು ಹಿಡಿದಿರಬಹುದು, ಮೂಟೆ ಬಿಚ್ಚಿ ನೋಡಿ. ಅದನ್ನು ಮರ್ಯಾದೆಯ ಮಾತೆಂದು ಬಿಟ್ಟುಬಿಡಬೇಡಿ.

ಮಗಳು ಬರೆದಿದ್ದು ತಿದ್ದಿದರೆ ಹೀಗಾಗಬಹುದು: ‘ದ ಕಪ್ ಸ್ಮೆಲ್ಸ್ ಫ್ಲೋರಲ್, ಟೇಸ್ಟ್ಸ್ ಸ್ವೀಟ್ ವಿತ್ ಎ ಮೈಲ್ಡ್ ಅಸಿಡಿಟಿ, ಅಂಡ್ ಫೀಲ್ಸ್ ಸ್ಮೂತ್’. ಮೂಗು, ನಾಲಿಗೆ, ಬಾಯೊಳಗಿನ ಸ್ಪರ್ಶ ಮೂರಕ್ಕೂ ಒಂದೊಂದು ಕ್ರಿಯಾಪದ. ಇದು ಮಾದರಿ ಮಾತ್ರ. ನಿಮ್ಮ ಕಪ್ಪಿನಲ್ಲಿ ನಿಜವಾಗಿ ಏನಿದೆಯೋ ಅದನ್ನೇ ಬರೆಸಿ. ನಿಮ್ಮದು ಅರೇಬಿಕಾವೋ ರೊಬಸ್ಟಾವೋ ಪತ್ರದಲ್ಲಿ ಇಲ್ಲ. ರೊಬಸ್ಟಾ ಆದರೆ ಕಹಿ ಮುಂದಿರುತ್ತದೆ, ಅದನ್ನು ಮುಚ್ಚಿಡಬೇಡಿ. ಆ ಕಹಿಯನ್ನೇ ಹುಡುಕಿ ಕೊಳ್ಳುವ ರೋಸ್ಟರ್‌ಗಳಿದ್ದಾರೆ. ಮಗಳಿಗೆ ನನ್ನ ಶುಭಾಶಯ ತಿಳಿಸಿ, ಇಂಥ ಕೆಲಸಕ್ಕೆ ಕೈ ಹಾಕಿದ್ದು ನನಗೆ ಬಹಳ ಸಂತೋಷ ಕೊಟ್ಟಿದೆ.

ಪ್ರಶ್ನೆ: ‘ಅತ್ತೆ ತುಂಬ ಫೀಲ್ ಮಾಡ್ಕೊಂಡ್ರು’ ಎನ್ನುವುದನ್ನು ಇಂಗ್ಲಿಷಿನಲ್ಲಿ ‘ಮೈ ಮದರ್ ಇನ್ ಲಾ ಫೆಲ್ಟ್ ಎ ಲಾಟ್’ ಎನ್ನಬಹುದೇ? — ಅರಸೀಕೆರೆಯಿಂದ ಗೃಹಿಣಿಯೊಬ್ಬರು

ಉತ್ತರ: ಬೇಡಮ್ಮ. ಕನ್ನಡದೊಳಗೆ ಬಂದು ಸೇರಿದ ‘ಫೀಲ್’ಗೆ ನಾವು ನೊಂದುಕೊಳ್ಳು ಎಂಬ ಅರ್ಥ ಕೊಟ್ಟುಕೊಂಡಿದ್ದೇವೆ. ಇಂಗ್ಲಿಷಿನಲ್ಲಿ ಬರೀ ಫೆಲ್ಟ್ ಎಂದರೆ ಏನು ಅನ್ನಿಸಿತು ಎನ್ನುವುದು ಬಾಕಿಯೇ ಉಳಿಯುತ್ತದೆ. ‘ಶಿ ಫೆಲ್ಟ್ ಹರ್ಟ್’ ಅಥವಾ ‘ಶಿ ವಾಸ್ ವೆರಿ ಹರ್ಟ್’ ಎನ್ನಿ. ಸಮಾಧಾನ ಮಾಡುವಾಗಿನ ‘ಡೋಂಟ್ ಫೀಲ್’ ಕೂಡ ಅರ್ಧ ಮಾತೇ, ‘ಡೋಂಟ್ ಫೀಲ್ ಬ್ಯಾಡ್’ ಎಂದು ಪೂರ್ತಿ ಮಾಡಿ. ಕಡೂರಿನ ಹುಡುಗಿಗೆ ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆ: ಬ್ಯಾಡ್, ಬ್ಯಾಡ್ಲಿ ಅಲ್ಲ. ಅತ್ತೆಯವರಿಗೇ ಹೇಳುವುದಿದ್ದರೆ ಇಂಗ್ಲಿಷಿನ ಗೊಡವೆ ಯಾಕೆ, ‘ಬೇಜಾರು ಮಾಡ್ಕೋಬೇಡಿ ಅತ್ತೆ’ ಎಂದು ಹತ್ತಿರ ಕೂತು ಹೇಳಿ.